ಅಂಜಲ್ ಬೇಡ, ಬೂತಾಯಿ ಇರಲಿ

ನಮ್ಮ ಮನೆ ಡೊಂಬಿವಲಿಯಲ್ಲಿದ್ದರೂ ಅಡುಗೆಮನೆ ಇನ್ನೂ ಉಡುಪಿಯದ್ದೇ ಆಗಿರುವುದರಿಂದ, ನಾನು ಗರ್ಭಿಣಿಯೆಂದು ತಿಳಿದ ದಿನವೇ ಮೀನಿನ ಮಾತು ಬಂತು. ಬೂತಾಯಿ, ಬಂಗುಡೆಯಂತಹ ಸಣ್ಣ ಮೀನು ಮೈಗೆ ಉಷ್ಣ, ತಿನ್ನಲೇಬೇಕೆಂದಿದ್ದರೆ ದೊಡ್ಡ ಮೀನು ಅಂಜಲ್ ತರಿಸೋಣ ಎಂದರು ಅತ್ತೆ. ಬೆಲೆ ಎಷ್ಟಾದರೂ ಸೊಸೆಗೆ ಒಳ್ಳೆಯದೇ ಸಿಗಲಿ ಎಂಬ ಪ್ರೀತಿ ಅದರಲ್ಲಿ ಇದ್ದುದರಿಂದ ನಾನು ಎದುರಾಡಲಿಲ್ಲ.

ತಪಾಸಣೆಗೆ ಹೋದಾಗ ವೈದ್ಯೆ ಹೇಳಿದ್ದು ಇದಕ್ಕೆ ತದ್ವಿರುದ್ಧವಾಗಿತ್ತು. ನೀರು ಸೇರಿದ ಪಾದರಸವನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತಾ ಹೋದಂತೆ ಅದು ಮಾಂಸದಲ್ಲಿ ಸೇರುತ್ತಲೇ ಹೋಗುತ್ತದೆ, ಬಹಳ ವರ್ಷ ಬದುಕಿದ ಮೀನಿನಲ್ಲಿ ಇನ್ನಷ್ಟು. ತೊಳೆದರೂ, ಕಾಯಿಸಿದರೂ, ಹುಳಿಯಲ್ಲಿ ಕುದಿಸಿದರೂ ಹೋಗದ ಆ ವಿಷ ತಾಯಿಯ ರಕ್ತದಿಂದ ಮಾಸನ್ನು ದಾಟಿ, ಆಗತಾನೇ ರೂಪುಗೊಳ್ಳುತ್ತಿರುವ ಮಿದುಳನ್ನು ಮುಟ್ಟುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಪಾದರಸ ವಿಷಬಾಧೆಯ ದುರಂತದಲ್ಲಿ, ತಮಗೆ ಹೇಳಿಕೊಳ್ಳುವಂತಹ ಕಾಯಿಲೆಯಿಲ್ಲದ ತಾಯಂದಿರಿಗೂ ತೀವ್ರ ನರದೋಷವಿದ್ದ ಮಕ್ಕಳು ಹುಟ್ಟಿದ್ದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಾಗೆಂದು ಮೀನನ್ನೇ ಬಿಟ್ಟುಬಿಡುವುದೂ ಸರಿಯಲ್ಲ. ಮಗುವಿನ ಮಿದುಳಿಗೂ ಕಣ್ಣಿಗೂ ಬೇಕಾದ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಹೇರಳವಾಗಿರುವುದು ಅತ್ತೆ ಬೇಡವೆಂದ ಬೂತಾಯಿ, ಬಂಗುಡೆಯಂತಹ ಎಣ್ಣೆಯ ಮೀನುಗಳಲ್ಲೇ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗರ್ಭಿಣಿಯರಿಗೆ ವಾರಕ್ಕೆ 8ರಿಂದ 12 ಔನ್ಸ್, ಅಂದರೆ ಸುಮಾರು 225ರಿಂದ 340 ಗ್ರಾಂನಷ್ಟು, ಪಾದರಸ ಕಡಿಮೆಯಿರುವ ಮೀನನ್ನು ಸೂಚಿಸುತ್ತದೆ. ವರ್ಜಿಸಬೇಕಾದವುಗಳಲ್ಲಿ ಶಾರ್ಕ್, ಕತ್ತಿಮೀನು, ಕಿಂಗ್ ಮ್ಯಾಕೆರೆಲ್ ಸೇರಿವೆ. ಮುಂಬೈಯವರು ಸುರಮಯಿ ಎನ್ನುವ ನಮ್ಮ ಅಂಜಲ್, ಆ ಅಟ್ಲಾಂಟಿಕ್ ಕಿಂಗ್ ಮ್ಯಾಕೆರೆಲ್‌ನದೇ ಕುಲಕ್ಕೆ ಸೇರಿದ ಬೇರೆ ಪ್ರಭೇದ. ಅಲ್ಲಿನ ಅಳತೆ ಇದಕ್ಕೆ ನೇರವಾಗಿ ಅನ್ವಯಿಸದಿದ್ದರೂ, ಇದೂ ಬೇಟೆಯಾಡಿ ಬದುಕುವ ದೊಡ್ಡ ಮೀನೇ ಆದ್ದರಿಂದ ಹೆರಿಗೆಯವರೆಗೆ ನಾನು ಅದನ್ನು ಬಿಟ್ಟಿದ್ದೇನೆ. ಹಸಿಯಾದ, ಅರೆಬೆಂದ ಮೀನು ನಮ್ಮಲ್ಲಿ ಹೇಗೂ ಇಲ್ಲ.

ಇದನ್ನೆಲ್ಲ ಅತ್ತೆಗೆ ಹೇಳುವುದು ಹೇಗೆಂದು ವಾರವಿಡೀ ಯೋಚಿಸಿದ್ದೆ. ಕೊನೆಗೆ, "ವೈದ್ಯೆ ಬೂತಾಯಿ ತಿನ್ನಲು ಹೇಳಿದ್ದಾರೆ ಅತ್ತೆ, ನೀವೇ ಆರಿಸಿ ಕೊಡಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಭಾನುವಾರ ಬೆಳಿಗ್ಗೆ ಚೀಲ ಹಿಡಿದು ನನ್ನೊಂದಿಗೆ ಮಾರುಕಟ್ಟೆಗೆ ಬಂದರು. ಮೀನು ಮಾರುವ ಕೋಳಿ ಸಮುದಾಯದ ಹೆಂಗಸಿನ ಬುಟ್ಟಿಯ ಮುಂದೆ ಕುಳಿತು ಒಂದೊಂದು ಬೂತಾಯಿಯ ಕಿವಿರನ್ನು ಉಗುರಿನಿಂದ ಎತ್ತಿ, ಕೆಂಪಾಗಿದ್ದುದನ್ನು ಮಾತ್ರ ಪಕ್ಕಕ್ಕಿಟ್ಟರು. ಹೊಟ್ಟೆ ಒತ್ತಿದಾಗ ಮೆತ್ತಗಾದವನ್ನು ಹಿಂದಕ್ಕೆ ಹಾಕಿದರು.

ಮಧ್ಯಾಹ್ನ ಹುಳಿ-ಖಾರದ ಪುಳಿಮುಂಚಿ ಮಾಡಿ, ಕುಚ್ಚಲಕ್ಕಿ ಅನ್ನದ ಮೇಲೆ ನಾಲ್ಕು ಮೀನು ಬಡಿಸಿದರು. ಉಷ್ಣಕ್ಕೆಂದು ತಟ್ಟೆಯ ಪಕ್ಕದಲ್ಲಿ ಒಂದು ಲೋಟ ಎಳನೀರನ್ನೂ ಇಟ್ಟಿದ್ದರು. ನಾನು ಎರಡನ್ನೂ ಮುಗಿಸಿದೆ.