ಕೆಮ್ಮಿದರೆ ಸೀಟು ಖಾಲಿ

ಇವತ್ತು ಸಂಡೂರಿನಿಂದ ಬಳ್ಳಾರಿಗೆ ಬರುವ ಬಸ್ಸು ತುಂಬಿ ತುಳುಕುತ್ತಿತ್ತು. ತೋರಣಗಲ್ಲು ದಾಟುವ ಹೊತ್ತಿಗೆ ಮುಂದಿನ ಸೀಟಿನ ಅಜ್ಜ ಕೆಮ್ಮೋಕೆ ಶುರು ಮಾಡಿದರು. ಎರಡನೇ ಕೆಮ್ಮಿಗೆ ಪಕ್ಕದವರು ಕರ್ಚೀಫು ತೆಗೆದರು. ನಾಲ್ಕನೆಯದಕ್ಕೆ ಎದ್ದೇ ನಿಂತರು. ಅಷ್ಟು ರಶ್ಶಿನಲ್ಲೂ ಆ ಸೀಟು ಖಾಲಿ! ನಾನು ಹೋಗಿ ಕೂತೆನಾ? ಇಲ್ಲ. ಸುಳ್ಳು ಯಾಕೆ ಹೇಳಲಿ.

ಅಜ್ಜನಿಗೆ ಅರ್ಥವಾಯಿತು. "ಧೂಳು ಯವ್ವಾ, ಮತ್ತೇನಿಲ್ಲ" ಎಂದು ಕಂಡಕ್ಟರಮ್ಮನಿಗೆ ಹೇಳಿದರು. ಅದಿರು ಲಾರಿಗಳು ಓಡಾಡುವ ಆ ರಸ್ತೆಯಲ್ಲಿ ಕೆಮ್ಮದೆ ಇರುವವರೇ ಕಡಿಮೆ.

ತಮಾಷೆ ನೋಡಿ. ಕೆಮ್ಮು ಕೇಳಿದ ಕೂಡಲೇ ನಮಗೆ ಟಿಬಿ ಭಯ. ಟಿಬಿ ಗಾಳಿಯಲ್ಲಿ ಹರಡುತ್ತದೆ ನಿಜ, ಆದರೆ ಸೀಟು, ಕಂಬಿ ಮುಟ್ಟಿದರೆ ಬರಲ್ಲ. ಕಿಟಕಿ ತೆರೆದು ಗಾಳಿ ಆಡಿದರೆ ಅಪಾಯ ಇನ್ನೂ ಕಡಿಮೆ. ನಾವು ಮಾಡಿದ್ದೇನು? ಧೂಳು ಬರುತ್ತೆ ಅಂತ ಎಲ್ಲ ಗಾಜೂ ಎಳೆದು ಮುಚ್ಚಿದ್ದೆವು. 2020ರಲ್ಲಿ ಒಂದು ಸೀನಿಗೆ ಇಡೀ ಬಸ್ಸೇ ತಿರುಗಿ ನೋಡುತ್ತಿತ್ತು. ಆ ಭಯ ಇನ್ನೂ ಕಿವಿಯಲ್ಲೇ ಕೂತಿದೆ, ಅಲ್ವಾ? ಕೆಮ್ಮದೆ, ಸುಮ್ನೆ ಮಾತಾಡಿಕೊಂಡೇ ಕೊರೊನಾ ದಾಟಿಸಿದವರನ್ನು ಮಾತ್ರ ನಮ್ಮ ಕಿವಿ ಹಿಡಿಯಲೇ ಇಲ್ಲ.

ಅಷ್ಟರಲ್ಲಿ ನನ್ನ ಮೊಣಕೈ ಮೇಲೆ ಒಂದು ಸೊಳ್ಳೆ, ಕಾಲಿಗೆ ಬಿಳಿ ಪಟ್ಟೆ. ಹಗಲಲ್ಲೇ ಕಚ್ಚಿ ಡೆಂಗಿ ತರುವ ಜಾತಿ. ಅದನ್ನು ನೋಡಿ ಯಾರೂ ಎದ್ದು ನಿಲ್ಲಲಿಲ್ಲ.

ಕುಡತಿನಿ ಬರುವಷ್ಟರಲ್ಲಿ ನಾಚಿಕೆಯಾಗಿ ಅಜ್ಜನ ಪಕ್ಕ ಹೋಗಿ ಕೂತೆ. ಗಾಜು ಸರಿಸಿದೆ. ಧೂಳು ನುಗ್ಗಿತು. ಆಮೇಲೆ ಇಬ್ಬರೂ ಸೇರಿ ಕೆಮ್ಮಿದೆವು.