ಅಮ್ಮನ ಮಂಡಿನೋವು, ಐದು ಹನಿ ಸಿಬಿಡಿ

ಕಾಫಿ ಕೊಯ್ಲು ಮುಗಿದ ವಾರ ಬೆಂಗಳೂರಿಂದ ಬಂದ ಅಕ್ಕನ ಮಗಳು ಅಮ್ಮನ ಕೈಗೊಂದು ಪುಟ್ಟ ಬಾಟಲಿ ಇಟ್ಟಳು. "ಅಜ್ಜಿ, ಮಲಗೋ ಮುಂಚೆ ನಾಲಿಗೆ ಕೆಳಗೆ ಐದು ಹನಿ ಬಿಟ್ಕೊಳ್ಳಿ. ಮಂಡಿನೋವೂ ಕಮ್ಮಿಯಾಗುತ್ತೆ, ನಿದ್ದೇನೂ ಬರುತ್ತೆ." ಸಿಬಿಡಿ ಎಣ್ಣೆ. ಗಾಂಜಾ ಗಿಡದ್ದೇ ಆದರೂ ಅಮಲು ಬರಿಸುವ ಟಿಎಚ್‌ಸಿ ಬೇರೆ, ಇದು ಬೇರೆ ಅಂದಳು. ಅದು ನಿಜವೇ.

ಮೂಡಿಗೆರೆಯ ಈ ಮನೆಯಲ್ಲಿ ಅಮ್ಮನ ಮಾತ್ರೆ ಡಬ್ಬಿಯ ಜವಾಬ್ದಾರಿ ನನ್ನದು. ಹೃದಯದ ಕವಾಟ ಬದಲಿಸಿದ ಮೇಲೆ ದಿನಾ ಸಂಜೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಟೆಸ್ಟ್. ಅದರ ಜೊತೆ ಹೆಚ್ಚಿನ ನೋವಿನ ಮಾತ್ರೆಗಳೂ ಆಗಿಬರುವುದಿಲ್ಲ. ಅಮ್ಮನಿಗೆ ಈ ಹನಿಯ ಮೇಲೆ ಅಷ್ಟು ಆಸೆ ಹುಟ್ಟಿದ್ದು ಅದಕ್ಕೇ. ಒಲೆಯ ಮುಂದಿನಿಂದ ಎದ್ದೇಳಲು ಗೋಡೆ ಹಿಡಿಯುವ ಅವರನ್ನು ನೋಡಿ ನನಗೂ ಆಸೆಯಾಯಿತು.

ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. 30 ಎಂ.ಎಲ್.ಗೆ 1000 ಮಿಲಿಗ್ರಾಂ. ಎಂ.ಎಲ್.ಗೆ 20 ಹನಿ ಅಂತ ಹಿಡಿದರೆ ಐದು ಹನಿಯಲ್ಲಿ ಎಂಟು ಮಿಲಿಗ್ರಾಂ ಚಿಲ್ಲರೆ. 2011ರಲ್ಲಿ ಬ್ರೆಜಿಲ್‌ನ ಒಂದು ಪ್ರಯೋಗದಲ್ಲಿ, ಸಭೆಯೆದುರು ಮಾತಾಡಲು ಹೆದರುವವರ ಆತಂಕ ಇಳಿದದ್ದು 600 ಮಿಲಿಗ್ರಾಂ ಕೊಟ್ಟಾಗ. 2018ರಲ್ಲಿ ಅಮೆರಿಕ ಎರಡು ಕಠಿಣ ಮೂರ್ಛೆರೋಗಗಳಿಗೆ ಸಿಬಿಡಿಯನ್ನು ಔಷಧಿಯೆಂದೇ ಒಪ್ಪಿತು. ಅಲ್ಲಿ ಡೋಸ್ ದಿನಕ್ಕೆ ತೂಕದ ಕಿಲೋಗೆ 10ರಿಂದ 20 ಮಿಲಿಗ್ರಾಂ. ಅಮ್ಮನ 52 ಕಿಲೋಗೆ ಕಮ್ಮಿ ಅಂದರೂ ಅರ್ಧ ಬಾಟಲಿ ಒಂದೇ ದಿನಕ್ಕೆ ಖಾಲಿಯಾಗಬೇಕು!

ಲೇಬಲ್ಲನ್ನಾದರೂ ನಂಬೋಣವೆಂದರೆ, ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದ 2017ರ ವರದಿಯಿದೆ. ಬರೆದಷ್ಟೇ ಅಂಶ ಇದ್ದದ್ದು ಮೂರನೇ ಒಂದು ಪಾಲಿಗಿಂತ ಕಮ್ಮಿಯವುಗಳಲ್ಲಿ. 18ರಲ್ಲಿ ಟಿಎಚ್‌ಸಿಯೂ ಸಿಕ್ಕಿತ್ತು.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಬೇರೆ. ವಾರ್ಫರಿನ್ ಲಿವರ್‌ನಲ್ಲಿ ಕರಗಲು ಬೇಕಾದ ಕಿಣ್ವಗಳನ್ನು ಸಿಬಿಡಿ ತಡೆಯಬಲ್ಲದು. ಆಗ ಐಎನ್‌ಆರ್ ಏರುತ್ತದೆ, ರಕ್ತಸ್ರಾವದ ಭಯ. ಗುಣ ಕಾಣುವಷ್ಟು ಕೊಟ್ಟರೆ ಅಮ್ಮನ ಜೀವಕ್ಕೇ ಕುತ್ತು, ಐದು ಹನಿಯಲ್ಲಿ ಮಂಡಿಗೆ ಏನೂ ಆಗುವ ಹಾಗೆ ನನಗೆ ಕಾಣಲಿಲ್ಲ. ಮೂರ್ಛೆರೋಗದ ಮಕ್ಕಳಿಗೆ ಡಾಕ್ಟರು ಅಳತೆ ಮಾಡಿ ಕೊಡುವುದನ್ನು ನಾನು ಮನಸಾರೆ ನಂಬುತ್ತೇನೆ. ಈ ಬಾಟಲಿಯನ್ನಲ್ಲ.

"ಬೇಡಮ್ಮಾ," ಅಂದೆ. ಹುಡುಗಿ ಸಪ್ಪಗಾದಳು. ಪಾಪ, ಮೊದಲ ಸಂಬಳದಲ್ಲಿ ತಂದಿದ್ದಳು. ರಾತ್ರಿ ಬಿಸಿನೀರಿನ ಬ್ಯಾಗನ್ನು ಟವೆಲ್‌ನಲ್ಲಿ ಸುತ್ತಿ ಅಜ್ಜಿಯ ಮಂಡಿಗೆ ಇಟ್ಟು, ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಳು. ಬಾಟಲಿ ನನ್ನ ಜೇಬಿನಲ್ಲಿದೆ. ಸೋಮವಾರ ಹಾಸನದಲ್ಲಿ ಡಾಕ್ಟರಿಗೆ ತೋರಿಸಿ, ಮಂಡಿಗೆ ಬೇರೇನು ಮಾಡಬಹುದು ಅಂತ ಕೇಳಬೇಕು.