ಮೈಂಡ್‌ಫುಲ್‌ನೆಸ್ ಅಭ್ಯಾಸ: ಆರನೇ ವಾರದವರೆಗಿನ ದಾಖಲೆ

ಈ ಕ್ಷಣದಲ್ಲಿ ಏನಿದೆಯೋ ಅದನ್ನು ಸರಿ-ತಪ್ಪು ಎನ್ನದೆ ಗಮನಿಸುವುದೇ ಮೈಂಡ್‌ಫುಲ್‌ನೆಸ್. ಈ ಅಭ್ಯಾಸದ ಚೌಕಟ್ಟು ಹೊಸದಲ್ಲ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ, ಮುಂದೆ ಎಂಟು ವಾರಕ್ಕೆ ನೆಲೆನಿಂತ ಕ್ರಮವೇ ಇದಕ್ಕೆ ಆಧಾರ. ಅಲ್ಲಿ ಮನೆಯ ಅಭ್ಯಾಸವೇ ದಿನಕ್ಕೆ ಸುಮಾರು 45 ನಿಮಿಷ. ಇಲ್ಲಿ 10ರಿಂದ ಶುರುಮಾಡಿ 20 ನಿಮಿಷಕ್ಕೆ ಏರಿಸಿದೆ. ಹಾಗಾಗಿ ಮೂಲ ಕ್ರಮದ ಬಗ್ಗೆ ನಡೆದ ಅಧ್ಯಯನಗಳ ಫಲಿತಾಂಶವನ್ನು ಇದಕ್ಕೂ ಅಂಟಿಸುವಂತಿಲ್ಲ.

ವಾರ 1, 2: ಬಾಡಿ ಸ್ಕ್ಯಾನ್

ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿಯ ಕೆಳಗೆ ತೆಳು ದಿಂಬು. ಗಮನವನ್ನು ಎಡಗಾಲಿನ ಬೆರಳಿನಿಂದ ನೆತ್ತಿಯವರೆಗೆ ಒಯ್ಯುತ್ತಾ, ಒಂದೊಂದು ಜಾಗದಲ್ಲಿ ಎರಡು ಮೂರು ಉಸಿರಿನಷ್ಟು ಹೊತ್ತು ನಿಲ್ಲುವುದು. ಏನೂ ತಿಳಿಯದ ಜಾಗವಿದ್ದರೆ ‘ಇಲ್ಲಿ ಏನೂ ತಿಳಿಯುತ್ತಿಲ್ಲ’ ಎಂದು ಗಮನಿಸಿ ಮುಂದೆ ಹೋದರಾಯಿತು. ಬೆರಳಾಡಿಸಿ ಸ್ಪರ್ಶ ಹುಟ್ಟಿಸಬೇಕಿಲ್ಲ.

ದೊಡ್ಡ ತೊಡಕು ನಿದ್ದೆ. ಊಟವಾದ ಕೂಡಲೇ ಮಲಗಿದರೆ ಅದು ಖಚಿತ. ಒಂದು ಮೊಣಕೈಯನ್ನು ನೆಲಕ್ಕೂರಿ ಮುಂಗೈಯನ್ನು ನೆಟ್ಟಗೆ ನಿಲ್ಲಿಸಿಕೊಂಡರೆ, ತೂಕಡಿಕೆ ಬಂದಾಗ ಕೈ ಬಿದ್ದು ಎಚ್ಚರವಾಗುತ್ತದೆ. ಅದೂ ಸಾಲದಿದ್ದರೆ ಕಣ್ಣು ಅರೆತೆರೆದು ಕುಳಿತು ಮಾಡುವುದು ಒಳ್ಳೆಯದು.

ವಾರ 3: ಉಸಿರು

ಕುರ್ಚಿಯ ಮುಂದಿನ ಅರ್ಧದಲ್ಲಿ ಕೂರಬೇಕು. ಮಂಡಿ ಸೊಂಟಕ್ಕಿಂತ ತುಸು ಕೆಳಗೆ, ಪಾದ ಪೂರ್ತಿ ನೆಲಕ್ಕೆ. ಮೂಗಿನ ಹೊಳ್ಳೆಯ ಅಂಚು ಅಥವಾ ಹೊಟ್ಟೆ, ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಉಸಿರು ಬಿಡುವಾಗ ಒಂದರಿಂದ ಹತ್ತರವರೆಗೆ ಎಣಿಕೆ. ತಪ್ಪಿದರೆ ಮತ್ತೆ ಒಂದು. ಮನಸ್ಸು ಅಲೆದದ್ದು ತಿಳಿದು ವಾಪಸು ಬರುವುದೇ ಇಲ್ಲಿನ ಅಭ್ಯಾಸ. ಅಲೆಯದೇ ಇರುವುದಲ್ಲ.

ಉಸಿರನ್ನು ನೋಡಲು ಹೊರಟವರು ಗೊತ್ತಿಲ್ಲದೆ ಅದನ್ನು ಎಳೆದು ಎಳೆದು ಆಳ ಮಾಡತೊಡಗುತ್ತಾರೆ. ಆಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳ ತುದಿ ಜುಮುಗುಟ್ಟುತ್ತದೆ. ಇದನ್ನು ‘ಧ್ಯಾನ ಹತ್ತಿತು’ ಎಂದುಕೊಳ್ಳಬೇಡಿ. ಗಮನವನ್ನು ಅಂಗಾಲಿಗೆ ಇಳಿಸಿದರೆ ಉಸಿರು ತಾನೇ ಹದಕ್ಕೆ ಬರುತ್ತದೆ. ಕೆಲವರಿಗೆ ಉಸಿರನ್ನು ಗಮನಿಸಿದಷ್ಟೂ ಆತಂಕ ಏರುತ್ತದೆ. ಅಂಥವರು ಸುತ್ತಲಿನ ಸದ್ದನ್ನೋ ಅಂಗಾಲನ್ನೋ ಕಾಯಂ ಆಧಾರ ಮಾಡಿಕೊಳ್ಳಲಿ. ಅದರಿಂದ ಅಭ್ಯಾಸಕ್ಕೇನೂ ಕೊರತೆಯಿಲ್ಲ.

ವಾರ 4: ನಡಿಗೆ

ಹತ್ತು ಹೆಜ್ಜೆ ಆ ಕಡೆ, ಹತ್ತು ಈ ಕಡೆ. ಹಿಮ್ಮಡಿ ಏಳುವುದು, ಪಾದ ಸಾಗುವುದು, ಊರುವುದು, ಇವನ್ನೇ ಗಮನಿಸುವುದು. ಕೂರಲಾಗದ ದಿನಕ್ಕೆ ಇದೇ ಸಾಕು.

ಅಭ್ಯಾಸವನ್ನು ಬರೆದಿಡುವ ನೋಟ್‌ಬುಕ್ಕಿನಲ್ಲಿ ನಾಲ್ಕೇ ಕಾಲಂ: ಹೊತ್ತು, ಆಧಾರ (ಗಮನ ಇಟ್ಟದ್ದು ಯಾವುದರ ಮೇಲೆ), ಮನಸ್ಸು ಹೋದ ಕಡೆ (‘ಯೋಜನೆ’, ‘ಹಳೆ ಜಗಳ’, ‘ಚಿಂತೆ’, ಒಂದೇ ಪದ), ಮೈಯಲ್ಲಿ ಕಂಡದ್ದು. ‘ಎಷ್ಟು ಶಾಂತಿ ಸಿಕ್ಕಿತು’ ಎಂಬ ಕಾಲಂ ಬೇಕೆಂದೇ ಇಟ್ಟಿಲ್ಲ. ಅದಿದ್ದರೆ ಪ್ರತಿ ಸಲವೂ ಒಂದು ಪರೀಕ್ಷೆಯಾಗಿ, ಅದೇ ಹೊಸ ಒತ್ತಡವಾಗುತ್ತದೆ.

ವಾರ 5, 6: ಮೂರು ನಿಮಿಷದ ಬಿಡುವು

ನಿಜವಾದ ಕೆಲಸ ಇಲ್ಲಿದೆ. ಮನೋವಿಜ್ಞಾನಿಗಳಾದ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಖಿನ್ನತೆ ಮರುಕಳಿಸದಂತೆ ರೂಪಿಸಿದ ಚಿಕಿತ್ಸಾ ಕ್ರಮದಿಂದ ಬಂದದ್ದು ಇದು. ಮೊದಲು, ಈಗ ಏನಿದೆ ಎಂದು ನೋಡುವುದು: ಯೋಚನೆ, ಭಾವನೆ, ಮೈ. ಆಮೇಲೆ ಉಸಿರು ಮಾತ್ರ. ಕೊನೆಗೆ ಇಡೀ ಮೈಗೆ ಗಮನ ಹರಡುವುದು.

ಒಂದು ಬಿರುಸಾದ ಮೆಸೇಜ್ ಬಂದಿದೆ ಎನ್ನಿ. ಹೆಬ್ಬೆರಳು ಆಗಲೇ ಕೀಬೋರ್ಡ್ ಮೇಲಿದೆ. ಹಲ್ಲು ಕಚ್ಚಿದೆ, ಭುಜ ಕಿವಿಯತ್ತ ಏರಿದೆ, ಉಸಿರು ಅರ್ಧಕ್ಕೇ ನಿಂತಿದೆ. ಫೋನನ್ನು ಮಗುಚಿಟ್ಟು ಈ ಮೂರನ್ನೂ ಮನಸ್ಸಿನಲ್ಲೇ ಹೆಸರಿಸಿ. ದವಡೆ ಸಡಿಲಿಸಲು ಹೆಣಗಬೇಡಿ. ಬಿಗಿದಿದೆ ಎಂದು ತಿಳಿದರೆ ಸಾಕು. ಮೂರು ನಿಮಿಷದ ಮೇಲೂ ಕೋಪ ಇರಬಹುದು. ಆದರೆ ಉತ್ತರ ಈಗಲೇ ಬರೆಯಬೇಕೋ ನಾಳೆಗೋ ಎಂದು ಆರಿಸಲು ಜಾಗ ಸಿಕ್ಕಿರುತ್ತದೆ.

ಈ ಬಿಡುವಿಗೆಂದು ಅಲಾರಂ ಇಡುವುದು ಕೆಲಸ ಮಾಡುವುದಿಲ್ಲ. ಕೆಲಸದ ನಡುವೆ ಬಡಿದು, ಕೆಲ ದಿನಗಳಲ್ಲೇ ಕೈ ತಾನಾಗಿ ಅದನ್ನು ನಿಲ್ಲಿಸಿಬಿಡುತ್ತದೆ. ಅದರ ಬದಲು ಲ್ಯಾಪ್‌ಟಾಪ್ ತೆರೆಯುವುದು, ಕರೆ ಎತ್ತುವುದು, ಬಾಗಿಲ ಚಿಲಕ ಹಿಡಿಯುವುದು ಇಂಥ ಯಾವುದಾದರೂ ಒಂದಕ್ಕೆ ಬಿಡುವನ್ನು ಗಂಟುಹಾಕಿ.

ಮಿತಿಗಳೂ ಇವೆ. ಹೊರಲಾರದಷ್ಟು ಕೆಲಸ ಮೇಲೆ ಬಿದ್ದಿದ್ದರೆ ಕೆಲಸವನ್ನೇ ಇಳಿಸಬೇಕು, ಉಸಿರಾಟ ಅದಕ್ಕೆ ಮದ್ದಲ್ಲ. ಕೂತಾಗ ಹಳೆಯ ಆಘಾತದ ನೆನಪು ನುಗ್ಗಿದರೆ, ದಿಗಿಲು ಮರುಕಳಿಸಿದರೆ, ಕಣ್ಣು ತೆರೆದು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಏಳನೇ ವಾರದಿಂದ ಆಡಿಯೋ ಮಾರ್ಗದರ್ಶನ ಇಲ್ಲ. ಟೈಮರ್ ಮಾತ್ರ: 20 ನಿಮಿಷ, ಹತ್ತನೇ ನಿಮಿಷಕ್ಕೆ ಒಮ್ಮೆ ಗಂಟೆಯ ಸದ್ದು, ಫೋನ್ ಏರೋಪ್ಲೇನ್ ಮೋಡ್‌ನಲ್ಲಿ.